ವಿಹಾರದಿಂದ ವಾಪಸ್ ಬಂದ ಚೆಕ್ಕು

ಇಡು, ಇಡು… ಅಲ್ಲೇ ಟೀಪಾಯಿ ಮ್ಯಾಲ ಇಡು. ನಾ ಮುಟ್ಟೂದಿಲ್ಲ ಅದನ್ನ. ಈ ಪರಶುರಾಮ ಕೊಟ್ಟ ಚೆಕ್ಕು ಹಿಂದಕ್ಕ ಬಂದದ್ದು ಇದ ಮೊದಲು! ಬ್ಯಾಂಕಿನವ್ರು ಕಳಿಸಿದ್ರ ಮಾತು ಬ್ಯಾರೆ. ನಿಮ್ಮ ಬುದ್ಧ ವಿಹಾರದ ಕಮಿಟಿಯವ್ರು ಕಳಿಸ್ಯಾರ, ಅದೂ ನನ್ನ ಸ್ವಂತ ಅಕ್ಕನ ಮಗಳ ಕೈಯಾಗ ಕೊಟ್ಟು, ಕಂಪ್ಲಿಯಾಗ ಬಸ್ ಹತ್ತಿಸಿ! ಎರಡು ಲಕ್ಷ ರೂಪಾಯಿ, ಸಂಘಮಿತ್ರಾ. ಬುದ್ಧನ ಮೂರ್ತಿ ಕುಂದ್ರಸಾಕ ಕಲ್ಲಿನ ಕಟ್ಟಿ ಬೇಕು ಅಂತ ಮನಿ ಮನಿ ತಿರುಗಿ ಐವತ್ತು, ನೂರು ಎತ್ತಾಕತ್ತೀರಿ. ನಾ ಒಂದ ಏಟಿಗೆ ಕೊಟ್ರ ಬ್ಯಾಡಂತ! …ಕುಂದ್ರು ಮೊದ್ಲು. ಹೊಸಪ್ಯಾಟಿಗೆ ಬಂದು ಮಾಮನ ಮನ್ಯಾಗ ನಿಂತ್ಕೊಂಡ ಮಾತಾಡಾಕ ನೀ ಏನು ಕರೆಂಟ್ ಬಿಲ್ ಕೊಡಾಕ ಬಂದಿಯೇನು?

ಗೊತ್ತೈತಿ ಬಿಡು, ನೀ ಬಾಯಿ ಬಿಚ್ಚೂದ ಬ್ಯಾಡ. ಯುದ್ಧದ ರೊಕ್ಕ. ಅದಕ್ಕ ಬ್ಯಾಡ. ಅಲ್ಲೇನು? ಭಾನುವಾರ ವಂದನಾ ಮುಗಿದ ಮ್ಯಾಲ ನಿಮ್ಮ ಕಮಿಟಿಯ ಮೂಕಪ್ಪ ಮೇಷ್ಟ್ರು ಬೋರ್ಡಿನ ಮ್ಯಾಲ ಬರಿತಾರಲ್ಲ, ಉಪಾಸಕರು ಮಾಡಬಾರದ ಐದು ವ್ಯಾಪಾರ… ಆಯುಧ, ಮನಷ್ಯಾರು, ಮಾಂಸ, ಹೆಂಡ, ವಿಷ. ನನಗೂ ಬಾಯಿಪಾಠ ಐತಿ, ತಾಯಿ! ಬರದು ಕೈ ಜಾಡಿಸ್ಕೊಂಡು ಸೀದಾ ಕೋಳಿ ಅಂಗಡಿಗೆ ಹೋಗ್ತಾರ ಮೇಷ್ಟ್ರು. ಅರ್ಧ ಕಿಲೋ, ಸ್ಕಿನ್ ತೆಗೆದು. ಆ ಮನಷ್ಯಾ ನನಗ ಧರ್ಮ ಹೇಳಬೇಕೇನು?

ಯಾಕ ನಗ್ತಿ? ನಗಬ್ಯಾಡ. ಹೇಳ್ತೀನಿ ಕೇಳು. ನಾ ಏನು ತೋಪು ಮಾರೀನೇನು? ಬಾಂಬು ಮಾರೀನೇನು? ನಂದು ಕಲ್ಲು! ಸಂಡೂರು ಗುಡ್ಡದಾಗಿನ ಕರಿ ಕಲ್ಲು, ಮ್ಯಾಂಗನೀಸು. ಮೂವತ್ತೊಂದು ವರ್ಷ ಆ ಗಣಿಯ ಕಾಟಾದಾಗ ಕುಂತು ಲಾರಿ ತೂಗೀನಿ. ಬೆಳಿಗ್ಗೆ ಬಿಳಿ ಅಂಗಿ ಹಾಕ್ಕೊಂಡು ಹೋಗ್ತಿದ್ದೆ, ಸಂಜಿಗೆ ಕರಿ ಅಂಗಿ ಹಾಕ್ಕೊಂಡು ಬರ್ತಿದ್ದೆ. ನಿಮ್ಮತ್ತಿ ಸುಧಾರಾಣಿ ಒಗದು ಒಗದು ಕೈ ನೋಯಿಸ್ಕೊಂಡಾಳ. ಆ ಕಲ್ಲು ಎಲ್ಲಿಗೆ ಹೋಗ್ತೈತಿ? ಒಂದು ಕಂಪನಿಗೆ. ಅವ್ರು ಕುಲುಮ್ಯಾಗ ಹಾಕಿ ಕರಗಸ್ತಾರ. ಅಲ್ಲಿಂದ ಉಕ್ಕಿನ ಫ್ಯಾಕ್ಟರಿಗೆ. ಅಲ್ಲಿಂದ ದಪ್ಪ ಪ್ಲೇಟು. ಆ ಪ್ಲೇಟು ಟ್ಯಾಂಕು ಮಾಡೋರ ಹತ್ರ. ನಾ ಎಲ್ಲಿದೀನಿ ಇದ್ರಾಗ? ಮೊದಲನೇ ಮೆಟ್ಲ ಹತ್ರ! ರಕ್ತ ಎಲ್ಲಿ ಐತಿ, ತೋರ್ಸು ನನಗ! ಅದ ಮ್ಯಾಂಗನೀಸು ರೈಲ್ವೆ ಹಳಿಯಾಗ ಇರ್ತೈತಿ, ನೀ ಕೆಮಿಸ್ಟ್ರಿ ಪಾಠ ಮಾಡೋ ಕಾಲೇಜಿನ ಗೇಟಿನ್ಯಾಗೂ ಇರ್ತೈತಿ.

ಆ ಕಲ್ಲಿನ ಮ್ಯಾಲ ರೊಕ್ಕ ಹಾಕಿದೆ ನೋಡು, ಬುದ್ಧಿ ಅಂದ್ರ ಅದು. ಬಸ್‌ಸ್ಟ್ಯಾಂಡ್ ಹೋಟ್ಲಾಗ ಕುಂದ್ರತಾವಲ್ಲ ಹೊಸ ಶೇರು ಪಂಡಿತರು, ಅವ್ರ ಹತ್ರ ಇಲ್ಲದ ಬುದ್ಧಿ! ಆ ಲಿಂಗರಾಜ್… ಅಕ್ಕಿ ಮಿಲ್ಲಿನ ಲಿಂಗರಾಜ್. ಡ್ರೋನ್ ಕಂಪನಿ ಶೇರು ತಗೊಂಡ. ಯಾಕಲೇ ಅಂದ್ರ, ಮಗಳ ಮದುವ್ಯಾಗ ಡ್ರೋನ್ ಬಂದು ವಿಡಿಯೋ ತೆಗದಿತ್ತು, ಭಾಳ ಚಲೋ ಬಂದಿತ್ತು ಅಂದ! ಇನ್ನೊಬ್ಬ ಕ್ಷಿಪಣಿ ಕಂಪನಿದು ತಗೊಂಡ, ಟಿವ್ಯಾಗ ಬೆಂಕಿ ನೋಡಿ. ಮ್ಯಾಲ ಹೊಳಿಯೋದಕ್ಕ ಬಾಯಿ ತೆಗಿತಾರ ಎಲ್ರೂ. ನಾ ಏನ್ ಮಾಡಿದೆ? ಯಾವ ಕಂಪನಿ ಟ್ಯಾಂಕು ಮಾಡ್ಲಿ, ಯಾವ ಕಂಪನಿ ತೋಪು ಮಾಡ್ಲಿ, ಎಲ್ರೂ ಉಕ್ಕು ತಗೋಬೇಕು, ಉಕ್ಕಿಗೆ ಈ ಕಲ್ಲು ಹಾಕ್ಲೇಬೇಕು. ಇಲ್ಲಂದ್ರ ಆ ಉಕ್ಕು ಬಡಿದ್ರ ಒಡಿತೈತಿ. ರಿಟೈರ್ಮೆಂಟ್ ರೊಕ್ಕದಾಗ ಅರ್ಧ ಆ ಕಲ್ಲು ಕರಗಸೋ ಕಂಪನಿಗೆ ಹಾಕಿದೆ. ಲಿಂಗರಾಜ್ ಈಗ ನನ್ನ ಕಂಡ್ರ ಹೋಟ್ಲು ಬದಲಿ ಮಾಡ್ತಾನ.

ಚಾ ಕುಡಿ, ಆರಾಕತ್ತೈತಿ. …ಬ್ಯಾಡಾ? ಮಾಮನ ಚಾದಾಗೂ ಬಾರೂದು ಐತೇನು?

ಹೋಗ್ಲಿ, ಒಂದು ಕೇಳ್ತೀನಿ, ಉತ್ತರ ಕೊಡು. ನಿಮ್ಮಣ್ಣ ಮಾರೇಶ ಏನ್ ಕೆಲಸ ಮಾಡ್ತಾನ? ಮಿಲಿಟ್ರಿ! ಗಡಿಯಾಗ ಬಂದೂಕು ಹಿಡಕೊಂಡು ನಿಂತಾನ. ವಿಹಾರದ ಗೋಡಿಗೆ ಸಿಮೆಂಟು ಯಾರ ಸಂಬಳದಾಗ ಬಂತು? ಅವಂದು! ಅರವತ್ತು ಚೀಲ. ನಾನ ಲಾರಿಯಿಂದ ಇಳಿಸ್ಕೊಂಡೀನಿ. ಅಂದ್ರ ಬಂದೂಕು ಹಿಡಿಯೋನ ಸಿಮೆಂಟು ನಡಿತೈತಿ, ಬಂದೂಕಿನ ಕಬ್ಬಿಣಕ್ಕ ಕಲ್ಲು ತೂಗಿದೋನ ಕಟ್ಟಿ ನಡಿಯಂಗಿಲ್ಲ. ಇದು ಯಾವ ಸೀಮಿ ನ್ಯಾಯ? ಮೇಷ್ಟ್ರನ್ನ ಕೇಳು ಹೋಗು! …ಮಾತಾಡು ಸಂಘಮಿತ್ರಾ. ಎಂಎಸ್ಸಿ ಓದೀದಿ, ನೂರು ಹುಡುಗ್ರ ಮುಂದ ತಾಸುಗಟ್ಲೆ ಮಾತಾಡ್ತಿ, ನನ್ನ ಮುಂದ ಯಾಕ ಗುಮ್ಮನಂಗ ಕುಂತಿ?

ಯಾಕ ಹಂಗ ನೋಡಿದಿ? ಮಾರೇಶನ ಹೆಸರು ತಗೊಂಡಿದ್ದು ತಪ್ಪಾಯ್ತೇನು? ತಗೋತೀನಿ! ನನಗ ಹಕ್ಕೈತಿ. ನನ್ನ ಹೆಗಲ ಮ್ಯಾಲ ಬೆಳದ ಹುಡುಗ ಅವ. ಹ್ವಾದ ಬ್ಯಾಸಿಗ್ಯಾಗ ಗಡಿಯಾಗ ಗುಂಡು ಹಾರಾಕತ್ತಿದ್ವಲ್ಲ, ಅವನ ಫೋನು ಮೂರು ದಿನ ಬಂದ್ ಇತ್ತಲ್ಲ, ಆವಾಗ ಯಾರು ಬಂದ್ರು ನಿಮ್ಮನಿಗೆ? ಕಮಿಟಿಯವ್ರು ಬಂದ್ರು, ಬಾಗ್ಲಾಗ ನಿಂತು ಏನೂ ಆಗಂಗಿಲ್ಲ ಬಿಡವ್ವ ಅಂದ್ರು, ಹ್ವಾದ್ರು. ನಾನು? ಸುದ್ದಿ ಕೇಳಿದ ಕೂಡ್ಲೆ ಬಸ್ ಹತ್ತಿದೆ. ಮೂರು ದಿನ ನಿಮ್ಮನಿ ಬಿಟ್ಟು ಕದಲಿಲ್ಲ. ಅಕ್ಕ ಒಂದು ಹನಿ ನೀರು ಕುಡಿಲಿಲ್ಲ. ನಾ ಕಿಟಕಿ ಹತ್ರ ನೆಟ್‌ವರ್ಕ್ ಸಿಗ್ತೈತಂತ ಅಲ್ಲೇ ಫೋನ್ ಹಿಡಕೊಂಡು ಕುಂತಿದ್ದೆ. ಓಣಿ ಹೆಂಗಸ್ರು ಏನಂದ್ರು? ಪರಶುರಾಮಣ್ಣಗ ಅಳಿಯನ ಮ್ಯಾಲ ಎಷ್ಟು ಜೀವ ನೋಡು, ಕಣ್ಣು ಫೋನ್ ಬಿಟ್ಟು ಎತ್ತವಲ್ಲ ಅಂದ್ರು. ನೀನೂ ಕೇಳಿಸ್ಕೊಂಡಿ!

ಮೂರನೇ ದಿನ ಮಧ್ಯಾಹ್ನ ಗುಂಡು ನಿಂತು ಅಂತ ಸುದ್ದಿ ಬಂತು, ಅದರ ಬೆನ್ನಿಗೆ ಅವನ ಫೋನೂ ಬಂತು. ಅವ್ವಾ, ಆರಾಮ ಅದೀನಿ ಅಂದ. ನೀ ಚೀರಿದಿ. ನಾ ಹೊರಗ ಕಟ್ಟಿ ಮ್ಯಾಲ ಕುಂತು… ಹೆಂಗ ಅತ್ತೆ! ಹುಡುಗ್ರಂಗ ಅತ್ತೆ. ಬಾಜೂ ಮನಿ ಚೆನ್ನಬಸಮ್ಮ ನೀರು ತಂದು ಕೊಟ್ಲು, ಕುಡಿಯಾಕ ಆಗ್ಲಿಲ್ಲ. ಅಂಥವನ ರೊಕ್ಕ ಬ್ಯಾಡಂತಾರ ನಿಮ್ಮ ಕಮಿಟಿಯವ್ರು! ಥೂ ಅವ್ರ…

ಏನು? ಯಾಕ ತಲಿ ಅಲ್ಲಾಡಸ್ತಿ? …ಕಮಿಟಿ ಅಲ್ಲಾ? ಕಮಿಟಿಯವ್ರು ಕಳಿಸಿಲ್ಲಾ? ಮತ್ಯಾರು? …ಹೇ, ಮೇಷ್ಟ್ರು ಅಲ್ಲಂದ್ರ ಮತ್ಯಾರಿಗೆ ಇಷ್ಟು ಸೊಕ್ಕು? ಚೆಕ್ಕು ನಾ ಅಕ್ಕನ ಕೈಯಾಗ ಕೊಟ್ಟಿದ್ದೆ, ಅಕ್ಕ ಕಮಿಟಿಗೆ ಮುಟ್ಟಸ್ತೀನಿ ಅಂದಿದ್ಲು…

ಮುಟ್ಟಸಿಲ್ಲ.

ಕಮಿಟಿಯವ್ರು ನೋಡೇ ಇಲ್ಲ ಈ ಚೆಕ್ಕು. ಹಂಗೇನು? ದುರ್ಗಕ್ಕ… ಅಕ್ಕನ ಇದನ್ನ ಹಿಂದಕ್ಕ ಕಳಿಸಿದ್ಲು. ಅಕ್ಕಗ ಐದು ವ್ಯಾಪಾರ ಗೊತ್ತಿಲ್ಲ, ಮ್ಯಾಂಗನೀಸು ಗೊತ್ತಿಲ್ಲ, ಅಕ್ಕಗ ಏನ್ ತಿಳಿತೈತಿ? ಸಹಿ ಮಾಡಾಕ ಬರಂಗಿಲ್ಲ ಅಕ್ಕಗ! ಹೆಬ್ಬಟ್ಟು! …ಹಂಗ ನೋಡಬ್ಯಾಡ ನನ್ನ. ಏನಂದ್ಲು? ಕೊಡುಮುಂದ ಏನಾರ ಅಂದಿರಬೇಕಲ್ಲ? ಏನೂ ಅನ್ಲಿಲ್ಲಾ? ಬರೇ ಕೈಯಾಗ ಕೊಟ್ಟು ಹೊಸಪ್ಯಾಟಿಗೆ ಹೋಗಿ ಬಾ ಅಂದ್ಲೇನು?

ಮೆಲ್ಲಕ ಮಾತಾಡೋಣ. ಒಳಗ ನಿಮ್ಮತ್ತಿ ಅದಾಳ.

ಆವತ್ತು, ಮಾರೇಶನ ಫೋನು ಬಂದ ದಿನ, ನನ್ನ ಫೋನು ಕೈಯಿಂದ ಜಾರಿ ಬಿತ್ತು ಕಟ್ಟಿ ಕೆಳಗ. ಅಕ್ಕ ಎತ್ತಿ ಕೊಟ್ಲು. ಎತ್ತಿ, ಸೀರಿ ಸೆರಗಿಂದ ಒರಸಿ, ಒಂದು ಸಲ ನೋಡಿ ಕೊಟ್ಲು. ಓದಾಕ ಬರಂಗಿಲ್ಲಲ್ಲ, ನೋಡಿದ್ರ ಏನಾತು ಅಂತ ನಾ… ಆದ್ರ ಅದಕ್ಕೂ ಮೊದಲು ಸಂಕ್ರಾಂತಿಗೆ ಅಕ್ಕ ಇಲ್ಲಿಗೆ ಬಂದಾಗ ನಾನ ಹೇಳಿಕೊಟ್ಟಿದ್ದೆ. ಮೆರೆಯಾಕ ಹೋಗಿ! ಇಲ್ನೋಡಕ್ಕ, ಹಸಿರು ಇದ್ರ ನಿನ್ನ ತಮ್ಮಗ ಲಾಭ, ಕೆಂಪು ಇದ್ರ ಲುಕ್ಸಾನು, ಇಷ್ಟ ಇರೋದು ಶೇರು ಅಂದ್ರ ಅಂದಿದ್ದೆ. ನಕ್ಕಿದ್ಲು ಅಕ್ಕ.

ಮೂರು ದಿನ ಹಸಿರು ಇತ್ತು. ಏನ್ ಏರಿತ್ತು ಸಂಘಮಿತ್ರಾ! ಒಂದೊಂದು ಸುದ್ದಿಗೆ ಒಂದೊಂದು ಜಿಗತ. ನಾ ಕಿಟಕಿ ಹತ್ರ ಕುಂತು ಲೆಕ್ಕ ಹಾಕ್ತಿದ್ದೆ, ಇನ್ನೊಂದು ವಾರ ಹಿಂಗ ನಡದ್ರ… ಇನ್ನೊಂದ ವಾರ. ನಿಮ್ಮವ್ವ ಒಲಿ ಮುಂದ ನೀರು ಕುಡಿಲಾರದ ಕುಂತಿದ್ಲು, ನಾ ಇನ್ನೊಂದು ವಾರ ಬೇಡತಿದ್ದೆ. ಮಾರಿ ಬಿಡಬೇಕಿತ್ತು ಬೆಳಿಗ್ಗೇನ. ಮಾರ್ಲಿಲ್ಲ. ಗುಂಡು ನಿಂತು ಅಂದ ಕೂಡ್ಲೆ ಧಡಲ್ ಅಂತ ಬಿತ್ತು. ನೀ ಒಳಗ ಚೀರಿದ್ದು ಕೇಳ್ತು ನನಗ. ಮಾರೇಶ ಅದಾನಂತ ತಿಳೀತು. ತಿಳದೂ ನನ್ನ ಕಣ್ಣು ಕೆಂಪಿನ ಮ್ಯಾಲನ ಇತ್ತು. ಅಕ್ಕ ಫೋನ್ ಎತ್ತಿದಾಗ ಕಂಡದ್ದೂ ಅದ ಕೆಂಪು.

ಆಮ್ಯಾಲ ಆರು ತಿಂಗಳಿಗೆ ಮತ್ತ ಏರ್ತು ಬಿಡು. ಮಾರಿದೆ. ಅದರಾಗಿಂದನ ಈ ಎರಡು ಲಕ್ಷ. ಯಾಕ ಕೊಟ್ಟೆ ಅಂತ ಕೇಳ್ತಿಯೇನು? ಕಲ್ಲಿನ ಮ್ಯಾಲ ಹೆಸರು ಬರಲಿ ಅಂತ ಅಲ್ಲ. ಹೆಸರಂತನೂ ಇರಬೇಕು… ಗೊತ್ತಿಲ್ಲ ನನಗ. ಇಷ್ಟು ತಿಂಗಳು ನಾ ಹ್ವಾದಾಗೆಲ್ಲ ಅಕ್ಕ ನನಗ ಅನ್ನ ಹಾಕ್ಯಾಳ, ಎಲ್ಲಾ ಗೊತ್ತಿದ್ದು! ಬಿಸಿ ರೊಟ್ಟಿ ಬಡದು ಹಾಕ್ಯಾಳ, ಇನ್ನೊಂದು ತಗೋ ಅಂದಾಳ…

ಎದ್ದಿಯೇನು? ಕುಂದ್ರಲೇ, ಬಸ್ಸು ಭಾಳ ಅದಾವು. ಒಂದ ಮಾತು. ಮಾರೇಶಗ ಗೊತ್ತೈತೇನು? ಅಕ್ಕ ಹೇಳ್ಯಾಳೇನು ಅವಗ? …ಇಲ್ಲ. ಇಲ್ಲಲ್ಲ? ಹೇಳಬ್ಯಾಡ್ರಿ, ನಿನ್ನ ಕಾಲಿಗೆ ಬೀಳ್ತೀನಿ. ಅವ ಪ್ರತಿ ಭಾನುವಾರ ಫೋನ್ ಮಾಡ್ತಾನ ನನಗ. ಮಾಮಾ, ನೀ ನನ್ನ ಸಲುವಾಗಿ ಅತ್ತಿಯಂತಲ್ಲ, ಇಲ್ಲಿ ಹುಡುಗ್ರಿಗೆಲ್ಲ ಹೇಳೀನಿ ಅಂತಾನ. ಅವ್ವನೂ ಅಳಲಿಲ್ಲಂತ, ನೀ ಅತ್ತಿಯಂತ, ಅಂತಾನ.

ನಾ ಹೂಂ ಅಂತೀನಿ.