ಮೇಜಿನ ಮೇಲೆ ಉಳಿದ ವಾಲ್ವ್

ಹಲೋ... ಹಲೋ, ಯಾರು ಮಾತಾಡ್ತಿರೋದು? ಅಕ್ಕಾನಾ? ನಾನು ಕಣಕ್ಕಾ, ನಿನ್ನ ತಮ್ಮ. ಭಾವನ ಫೋನ್ ನಿನ್ನ ಕೈಲಿದೆಯಲ್ಲ, ಅವರೆಲ್ಲಿ?

...

ಹಿತ್ತಲಲ್ಲಾ? ಆ ಪುಟ್ಟ ಹಿತ್ತಾಳೆ ಹಬೆ ರೈಲಿಂಜಿನ್ ಜೊತೆಗಾ? ಹಾಂ, ಸೀಟಿ ನಾನೇ ದೊಡ್ಡದು ಮಾಡಿ ಹಾಕ್ದೆ. ಬಾಯ್ಲರ್ ಸೋರ್ತಿತ್ತು, ಅದಕ್ಕೂ ಬೆಸುಗೆ ಹಾಕ್ದೆ... ಹೊಗಳಿದ್ರಾ? ಭಾವ? ನನ್ನನ್ನಾ?

...

ಅದಿರ್ಲಿ. ಅಕ್ಕಾ, ಒಂದ್ ಮಾತು... ಇನ್ನೂ ಬೆಂಕಿ ಹಚ್ಚಿಲ್ಲ ತಾನೇ?

...

ಹಚ್ಚಿ ಆಗ್ಲೇ ಅಷ್ಟು ಹೊತ್ತಾಯ್ತಾ? ಅಯ್ಯೋ. ಆರಿಸೋಕೆ ಹೇಳು. ಈಗ್ಲೇ.

...

ನಗಬೇಡ ಅಕ್ಕಾ, ತಮಾಷೆ ಅಲ್ಲ. ಬೆಸುಗೆ ಹಾಕಿದ್ಮೇಲೆ ತಣ್ಣೀರು ತುಂಬಿ, ಒತ್ತಡ ಕೊಟ್ಟು ನೋಡ್ತೀವಿ. ಆಗ ಹೆಚ್ಚಾದ ಹಬೆ ಹೊರಗೆ ಬಿಡೋ ಸೇಫ್ಟಿ ವಾಲ್ವ್ ಬಿಚ್ಚಿ ಆ ತೂತಿಗೆ ಬೋಲ್ಟ್ ಜಡೀತೀವಿ. ಆಮೇಲೆ ವಾಲ್ವ್ ವಾಪಸ್ ಹಾಕ್ಬೇಕು. ಮರೆತೆ, ಬೋಲ್ಟ್ ಹಾಗೇ ಇದೆ. ಮೇಲೆ ಗುಮ್ಮಟದ ಮುಚ್ಚಳ ಕೂರಿಸಿಬಿಟ್ಟಿದ್ದೀನಿ, ಭಾವನಿಗೆ ಕಾಣೋದೂ ಇಲ್ಲ. ವಾಲ್ವ್ ಇಲ್ಲಿ, ನನ್ನ ಮೇಜಿನ ಮೇಲೆ ಕೂತಿದೆ... ಏನಾಗುತ್ತೆ ಅಂದ್ರೆ? ಹಬೆಗೆ ಹೋಗೋಕೆ ದಾರೀನೇ ಇಲ್ಲ, ಸಿಡಿಯುತ್ತೆ!

...

ವಾಲ್ವ್ ಇಲ್ಲೇ ಉಳಿದಿರೋದನ್ನ ಬೆಳಿಗ್ಗೇನೇ ನೋಡ್ದೆ. ಭಾವ ನನ್ನನ್ನ ಗುಜರಿ ಅಂತ ಆಡ್ಕೋತಾರಲ್ಲ... ಸಂಜೆ ಬಂದು ಸದ್ದಿಲ್ದೆ ಹಾಕಿಬಿಡೋಣ ಅಂತಿದ್ದೆ. ಬೈಯಿ, ಆಮೇಲೆ ಎಷ್ಟು ಬೇಕಾದ್ರೂ ಬೈಯಿ. ಈಗ ಅವರನ್ನ ಕೂಗು!

...

ಕೇಳಿಸ್ತಿಲ್ವಾ? ಎಲ್ಲಿಂದ ಕೇಳ್ಸುತ್ತೆ, ಜೀವಮಾನವೆಲ್ಲ ರೈಲು ಓಡಿಸಿ ಕಿವಿ ಹೋಗಿದೆ. ಏನ್ ಮಾಡ್ತಿದಾರೆ, ಕಿಟಕಿಯಿಂದ ನೋಡಿ ಹೇಳು.

...

ಬಗ್ಗಿದಾರಾ? ಇಂಜಿನ್‌ಗೆ ಕಿವಿ ಹತ್ತಿರ ಇಟ್ಕೊಂಡಾ?... ಅಕ್ಕಾ, ವಾಲ್ವ್ ಬುಸ್ ಅನ್ನೋದನ್ನ ಕೇಳೋಕೆ ಕಾಯ್ತಿದಾರೆ ಕಣೇ. ಇಲ್ಲದ ವಾಲ್ವ್!

...

ಬೇಡ, ಹತ್ರ ಹೋಗ್ಬೇಡ! ಕೆಂಪು ಬಟ್ಟೆ ಏನಾದ್ರೂ ಇದೆಯಾ? ಟವೆಲ್ಲಾ? ಸಾಕು. ಬಾಗಿಲಲ್ಲೇ ನಿಂತು ಬೀಸು. ಕೆಂಪು ಕಂಡ್ರೆ ಎಲ್ಲಿದ್ರೂ ನಿಲ್ಲೋ ಜೀವ ಅದು... ಬೀಸ್ತಿದ್ದೀಯಾ? ನೋಡಿದ್ರಾ?

...

ಬೆನ್ನು ನಿನ್ನ ಕಡೆಗಿದೆಯಾ... ಇನ್ನೊಂದ್ಸಲ ಬೀಸು. ಏನಾದ್ರೂ ಎಸಿ, ಚಪ್ಪಲಿ ಎಸಿ...

...

ಅದ್ಯಾಕೆ ಏದುಸಿರು? ಓಡ್ತಿದ್ದೀಯಾ? ಅಕ್ಕಾ, ನಿಲ್ಲು! ಹೋಗ್ಬೇಡ ಅಂದ್ನಲ್ಲ, ನನ್ನ ಮಾತ್ ಕೇಳು, ನೀನಾದ್ರೂ...

...

ಹಲೋ?