ಬೇಲಿಯೊಳಗಿನ ಹೊರೆಗಲ್ಲು

ಪುಣೆ ಹತ್ತಿರದ ಚಿಂಚವಾಡದ ಕಾರ್ಮಿಕರ ಕಾಲೊನಿಯಲ್ಲಿ ಆ ಸಂಜೆ ಮಳೆ ಹಿಡಿದದ್ದೇ ತಡ, ಕರೆಂಟು ಹೋಯಿತು. ತುಂಬು ಬಸುರಿ ಶೈಲಾ ಹಗ್ಗದ ಮೇಲಿನ ಬಟ್ಟೆ ಎಳೆದುಕೊಂಡು ಬರುವಾಗ, ಗೇಟಿನ ಹತ್ತಿರ ಬಡಕಲು ಹೆಂಗಸೊಬ್ಬಳು ತಲೆಯ ಮೇಲೆ ಬುಟ್ಟಿ ಹೊತ್ತು ತೊಯ್ದು ನಿಂತಿದ್ದಳು. "ತಂಗೀ, ಜರಾ ಕೈ ಹಚ್ಚವಾ" ಎಂದು ಕನ್ನಡದಲ್ಲೇ ಕರೆದಳು. ನಮ್ಮ ಕಡೆಯವಳು ಸಿಕ್ಕಳಲ್ಲ ಎಂದು ಶೈಲಾಗೆ ಖುಷಿಯೇ ಆಯಿತು. ಕೈ ಹಚ್ಚಿ ಬುಟ್ಟಿ ಇಳಿಸಿದಳು, ಮಳೆ ನಿಂತ ಮೇಲೆ ಒಯ್ಯಿ ಎಂದು ತಮ್ಮ ಪಡಸಾಲೆಯಲ್ಲೇ ಇಡಿಸಿದಳು. ಆ ಹೆಂಗಸು ಬುಟ್ಟಿ ಅಲ್ಲೇ ಬಿಟ್ಟು ಮಳೆಯಲ್ಲೇ ಹೊರಟುಹೋದಳು.

ಒಳಗೆ ಚಿಮಣಿ ಹಚ್ಚಿ ನೆರೆಹೊರೆಯವರೆಲ್ಲ ಸೇರಿದ್ದರು. ನಡುವೆ ಅಡಕೊತ್ತು ಹಿಡಿದು ಕೂತಿದ್ದವಳು ಶೈಲಾಳ ಗಂಡನ ಅಜ್ಜಿ ಯಂಕವ್ವ, ಭೋರ್ ಊರಿನ ಹಳೇ ಪೇಟೆಯಲ್ಲಿ ಬಹಳ ಕಾಲ ಸೂಲಗಿತ್ತಿಯಾಗಿದ್ದವಳು. ಗೌಂಡಿ ಅಂಬಣ್ಣನಿಗೆ ಅವತ್ತು ಎಲ್ಲಿಲ್ಲದ ಉಮೇದಿ.

"ಆಯಿ, ನನಗ ಸಾಸವಡದಾಗ ಕೆಲಸ ಸಿಕ್ಕದ. ಹಳೇ ಪೇಟಿ ಚಂದ ಮಾಡಾಕ ಸರಕಾರ ಅನುದಾನ ಕೊಟ್ಟದ. ಅಲ್ಲೊಂದು ಕಲ್ಲದ ನೋಡು, ಎರಡು ನಿಂತಾವ, ಮ್ಯಾಲೊಂದು ಅಡ್ಡ. ಅದಕ್ಕ ಬೇಲಿ ಹಾಕು ಅಂದಾರ."

ಯಂಕವ್ವನ ಅಡಕೊತ್ತು ನಿಂತಿತು.

"ಹಾಕಬ್ಯಾಡೋ ಭಾಡ್ಯಾ! ಯಾಕ ಅಂತ ಕೇಳಬ್ಯಾಡ. ಬಸುರಿ ಮುಂದ ಹೇಳೂ ಮಾತಲ್ಲ ಅದು. ಶೈಲಾ, ನೀ ಒಳಗ ಹೋಗು."

ಶೈಲಾ ಹೋಗಲಿಲ್ಲ. ಪಡಸಾಲೆಯ ಬಾಗಿಲಿಗೆ ಒರಗಿ ಕೂತಳು. ಮುದುಕಿ ಅವಳನ್ನು ಗದರಿಸಿ ಸೋತು, ಹೇಳತೊಡಗಿದಳು.

"ಕೇಳ್ರಿ ಹಂಗಾರ... ಭೋರ್ ಪೇಟ್ಯಾಗ ಹೊಳಬಸಪ್ಪ ಅಂತ ಅರಿವಿ ಅಂಗಡಿ ಸಾವ್ಕಾರ ಇದ್ದ. ಅವರಜ್ಜ ರಾಜರ ಕಾಲದಾಗ ವಿಜಾಪುರದ ಕಡಿಂದ ಬಂದು ಅಂಗಡಿ ಇಟ್ಟಾಂವ. ಆ ಅಜ್ಜನ ಮಗಳು ತಿಪ್ಪವ್ವ, ಅಂದ್ರ ಹೊಳಬಸಪ್ಪನ ಸೋದರತ್ತಿ, ಚೊಚ್ಚಲ ಬಸುರ್ಯಾಗ ಹಡೀದನ ಸತ್ತು ಹೋದ್ಳು. ಆವಾಗ ನಮ್ಮ ಮಂದಿ ಏನ ಮಾಡ್ತಾರ? ಹೊಟ್ಯಾಗಿನ ಹೊರಿ ಇಳಸದ ಹೋದಾಕಿ ಹೆಸರಲೆ ದಾರಿ ಮ್ಯಾಲ ಒಂದು ಹೊರೆಗಲ್ಲು ನಿಲ್ಲಸ್ತಾರ, ತಲೀಮಟ. ಹೊತಗೊಂಡು ಬಂದಾವ್ರು ಬಗ್ಗದನ, ಯಾರನ್ನೂ ಕರೀದನ ಅದರ ಮ್ಯಾಲ ಹೊರಿ ಇಳಿಸಿ 'ಉಸ್' ಅಂತಾರ... ಆ ಉಸರು ಸತ್ತಾಕಿಗೆ ಮುಟ್ಟತದ, ಅಕಿ ಹೊರಿ ಅಷ್ಟಷ್ಟ ಹಗೂರ ಆಗತದ. ಸಂತಿ ದಿನಾ ಗುಡ್ಡದ ಹೆಣ್ಮಕ್ಕಳೆಲ್ಲಾ ಆ ಕಲ್ಲಿನ ಮ್ಯಾಲನ ಇಳಸಾವ್ರು. ಅಷ್ಟು ವರ್ಷ ತಿಪ್ಪವ್ವ ಯಾರಿಗೂ ಕಾಣಿಸಿಲ್ಲ, ಯಾರನ್ನೂ ಕಾಡಿಲ್ಲ.

"ಮುಂದ ಪೇಟಿ ಸತ್ತಂಗಾತು. ಮಂದಿ ಬಸ್ ಹತ್ತಿ ಪುಣೇಕ್ಕ ಹೋಗಿ ಅರಿವಿ ತರಾಕ ಹತ್ತಿದ್ರ ಯಾರು ಕೇಳ್ತಾರ ಹೊಳಬಸಪ್ಪನ್ನ? ಅಷ್ಟರಾಗ ಸರಕಾರದ ಅನುದಾನ ಬಂತು. ಕಲ್ಲು ಹಾಸಿದ್ರು, ದೀಪದ ಕಂಬ ನೆಟ್ರು, ಅಂಗಡಿಗೆಲ್ಲಾ ಹಳೇ ನಮೂನಿ ಕಟಗಿ ಬಾಗಲಾ ಕೂಡಿಸಿದ್ರು. ವ್ಯಾಪಾರಸ್ಥರ ಕಮಿಟಿಗೆ ಹೊಳಬಸಪ್ಪನ ಮುಖ್ಯಸ್ಥ. ಅಂವ ಕೆಟ್ಟಾಂವ ಅಲ್ರಿ, ಸುಳ್ಳ ಯಾಕ ಹೇಳ್ಲಿ? ಸೊಸಿ ರೇಣು ಭಾಳ ವರ್ಷಕ್ಕ ಬಸುರಾಗಿದ್ಳು, ಮೊಮ್ಮಗ ಹುಟ್ಟೂದ್ರಾಗ ಪೇಟಿ ಎದ್ದು ನಿಂದರಬೇಕು, ಅದೊಂದ ಅವನ ಹಂಬಲ. ಯಾರೋ ಅಧಿಕಾರಿ ಬಂದು ಕಲ್ಲು ನೋಡಿದ, ಇದು ಪುರಾತನದ್ದು, ಯಾರೂ ಮುಟ್ಟಬಾರದು, ಬೇಲಿ ಹಾಕ್ರಿ ಅಂದ. ಹೆಂಡತಿ ಚನ್ನಬಸವ್ವ ಬಡಕೊಂಡ್ಳು, 'ಅದು ನೋಡೂ ಕಲ್ಲಲ್ರಿ, ಇಳಸೂ ಕಲ್ಲು' ಅಂತ. ಇವ ಏನಂದ ಗೊತ್ತದ? 'ನಮ್ಮ ಸೋದರತ್ತಿಗೆ ಸರಕಾರದ ಮರ್ಯಾದಿ ಸಿಗಾಕತ್ತದ, ಸುಮ್ನಿರ' ಅಂದ!

"ಕಬ್ಬಿಣದ ಬೇಲಿ ಬಂತು, ಹಿತ್ತಾಳಿ ಬೋರ್ಡು ಬಂತು. ಸಂತಿಗೆ ಬಂದ ಹೆಣ್ಮಕ್ಕಳು ಬೇಲಿ ಮುಂದ ನಿಂತು, ಕುತ್ತಿಗಿ ನೋಯಿಸಿಕೊಂಡು ಹಂಗ ಹೋದ್ರು. ಅವತ್ತಿಂದ ಪೇಟ್ಯಾಗ 'ಉಸ್' ಅನ್ನೂ ಸಪ್ಪಳನ ನಿಂತು ಹೋತು.

"ರೇಣುಗ ದಿನಾ ತುಂಬಿದ್ವು. ನಾ ನೋಡಾಕ ಹೋದಾಗೆಲ್ಲಾ ಕೂಸು ಹೊಟ್ಯಾಗ ಕುಣೀತಿತ್ತು. ಒಂದು ಸಂತಿ ದಿನಾ, ಹಾಡಾಹಗಲ... ದೆವ್ವ ಕತ್ತಲ್ಯಾಗ ಬರತಾವಂತ ಯಾರು ಹೇಳಿದ್ರೋ? ನಾ ಅವರ ಅಂಗಡಿ ಕಟ್ಟಿ ಮ್ಯಾಲ ಕೂತೀನಿ, ಬಿಸಲು ಚುರುಗುಡಾಕತ್ತದ, ಒಬ್ಬಾಕಿ ಬಂದ್ಳು. ಒಣಾ ಕಟ್ಟಿಗಿಯಂಥಾಕಿ. ತಲಿ ಮ್ಯಾಲ ಬುಟ್ಟಿ, ಬುಟ್ಟಿ ಮ್ಯಾಲ ಹಸೀ ಅರಿವಿ. ಬೇಲಿ ಸುತ್ತ ತಿರಗಿದ್ಳು... ತಿರಗಿದ್ಳು... ಆಮ್ಯಾಲ ಅಂಗಡಿ ಮುಂದ ಬಂದು, ಆ ಮರಾಠಿ ಪೇಟ್ಯಾಗ, ನಮ್ಮ ಕನ್ನಡದಾಗ, 'ಅಪ್ಪಾ, ಜರಾ ಕೈ ಹಚ್ಚು' ಅಂದ್ಳು. ಹೊರಿ ಹೊತ್ತಾಕಿ ಕರದ್ರ ಯಾರಾರ ಒಲ್ಲೆ ಅಂತಾರೇನು? ಕಲ್ಲು ಹಾಸಾಕ ಬಂದ ಕೂಲ್ಯಾಕಿ ಅಂತ ತಿಳದು ಹೊಳಬಸಪ್ಪ ಎದ್ದು ಕೈ ಹಚ್ಚಿದ. 'ಎಲ್ಲಿ ಇಳಸ್ಲಿ?' ಅಂತ ಅಕಿ ಕಲ್ಲಿನ ಕಡೆ ನೋಡಿದ್ಳು. ಇವ, 'ಅಲ್ಲಿ ಬ್ಯಾಡವಾ, ಅದು ಸರಕಾರದ್ದು. ನಮ್ಮ ಮನ್ಯಾಗ ಇಳಸು' ಅಂದ.

"ಈ ಕಿವೀಲೆ ಕೇಳೀನಿ ನಾ!

"ಬುಟ್ಟಿ ಇಳೀತು. ಅಕಿ 'ಉಸ್' ಅಂದ್ಳು. ಆಮ್ಯಾಲ ಹೊಟ್ಟಿ ಮ್ಯಾಲ ಕೈ ಇಟಗೊಂಡು, ಕಾಲ ಎಳಕೋತ, ಸಾವಕಾಶ ಹೋದ್ಳು... ಬರೂವಾಗ ಇಲ್ಲದ ಹೊಟ್ಟಿ ಹೋಗೂವಾಗ ಎಲ್ಲಿಂದ ಬಂತು? ನಾವಿಬ್ರೂ ಬಾಯಿ ತಕ್ಕೊಂಡು ನೋಡೂದ್ರಾಗ ಅಟ್ಟದ ಮ್ಯಾಲಿಂದ ರೇಣು ಚೀರಿದ್ಳು, 'ಮಾವಾರ, ಕೂಸು ಆಡವಲ್ದು!'

"ದೀಪ ಹಚ್ಚೂ ಹೊತ್ತಿಗೆ ಬ್ಯಾನಿ ಬಂದ್ವು. ಈ ಕೈಲೆ ಊರ ಕೂಸೆಲ್ಲಾ ಹಿಡದೀನ್ರವಾ... ಅವತ್ತ ಈ ಕೈಗೆ ಬಂದದ್ದು ಕೂಸಲ್ಲ. ಒಣಗಿದ ಎಲಬು. ಹಳೇ ಮಣ್ಣಿನ ವಾಸನಿ. ಯಾವ ಕಾಲದಾಗೋ ಹುಗದದ್ದು ಮ್ಯಾಲ ಬಂದಂಗ! ಕೆಳಗ ಹೊಳಬಸಪ್ಪ ಬುಟ್ಟಿ ಅರಿವಿ ಸರಿಸಿದ್ರ ಒಳಗ ಏನೂ ಇಲ್ಲ. ಅಂವ ಕಬ್ಬಿಣದ ಹಾರಿ ತಗೊಂಡು ಬೇಲಿ ಕೀಳಾಕ ಓಡಿದ. ಸರಕಾರದ್ದು ಮುರೀತಾನಂತ ಮಂದಿ ಹಿಡದು ಕಟ್ಟಿ ಹಾಕಿದ್ರು. ಆ ಮನೀ ಮಂದಿ ಊರು ಬಿಟ್ರು. ಪೇಟಿ ಈಗೂ ಚಂದ ಅದ. ಬೇಲಿನೂ ಅದ."

ಅಂಬಣ್ಣ ಮುಂದಕ್ಕೆ ಸರಿದು ಕೇಳಿದ, "ಅಕಿ ಹೊರಿ ಇಳೀತಲ್ಲ ಆಯಿ? ಅಲ್ಲಿಗೆ ಮುಗೀತಲ್ಲ?"

"ಎಲ್ಲಿ ಮುಗೀತೋ ಖೋಡಿ? ತನ್ನದು ಇಳಿಸಿ ರೇಣೂದು ಹೊತಗೊಂಡು ಹೋದ್ಳು. ಅದನ್ನೂ ಎಲ್ಯಾರ ಇಳಸಬೇಕಲ್ಲ? ಭೋರ್‌ದಾಗ ಜಾಗಾ ಇಲ್ಲ. ದಾರಿ ಹಿಡದಾಳ. ಕನ್ನಡ ಕೇಳಿಸಿದಲ್ಲಿ ನಿಂದರ್ತಾಳ..."

ಗೇಟಿನ ಹತ್ತಿರದ ಆ ಬಡಕಲು ಹೆಂಗಸು ಹಿಂತಿರುಗಿ ಹೋಗುವಾಗ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದಳು. ಪಾಪ, ಇವಳೂ ನನ್ನಂಗ ಬಸುರಿ ಎಂದುಕೊಂಡಿದ್ದು ಶೈಲಾಳಿಗೆ ಈಗ ನೆನಪಾಯಿತು. ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡಳು. ಸಂಜೆಯಿಂದ ಕೂಸು ಒಮ್ಮೆಯೂ ಒದ್ದಿರಲಿಲ್ಲ.

"ಆಯಿ..." ಎಂದಳು. ಬೆರಳಿನಿಂದ ಪಡಸಾಲೆಯ ಕಡೆ ತೋರಿಸಿದಳು.

ಯಂಕವ್ವ ಬುಟ್ಟಿಯನ್ನೂ ಅದರ ಮೇಲಿನ ಹಸಿ ಅರಿವೆಯನ್ನೂ ನೋಡಿದಳು. ಹತ್ತಿರ ಬಂದು ಕೂತು, ಮೊಮ್ಮಗನ ಹೆಂಡತಿಯ ಹೊಟ್ಟೆಯ ಮೇಲೆ ಅಂಗೈ ಊರಿ ಬಹಳ ಹೊತ್ತು ಕಣ್ಣು ಮುಚ್ಚಿದಳು.

"ಎಲ್ಲಿ ಇಳಸು ಅಂದಿ, ಮಗಳ?"

ಶೈಲಾ ಉತ್ತರ ಕೊಡುವ ಮೊದಲೇ ಅವಳ ನಡು ಹಿಂಡಿದಂತೆ ನೋವು ಬಂತು. ಮುದುಕಿ ಕೈ ತೆಗೆಯಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ.

"ಯಾರಾರ ನೀರ ಕಾಸಾಕ ಇಡ್ರಿ" ಎಂದಳು.