ಅಡ್ಡ ಬಿದ್ದ ಮೇಲೆ

ವೇದಿಕೆಯ ಮೇಲಿರುವ ಸಭಾಧ್ಯಕ್ಷರೇ, ಕೆ.ಆರ್. ಪೇಟೆಯಿಂದ ದಯಮಾಡಿಸಿರುವ ಶಿಕ್ಷಣಾಧಿಕಾರಿಗಳೇ, ನಮ್ಮ ಮುಖ್ಯ ಶಿಕ್ಷಕಿ ಯಶೋಧರಾ ಮೇಡಂ ಅವರೇ, ಶಿಕ್ಷಕ ಬಂಧುಗಳೇ, ಬಿಸಿಲಿನಲ್ಲಿ ಕೂತಿರುವ ತಾಯಂದಿರೇ, ಮೊದಲೇ ಬಂದು ಶಾಮಿಯಾನದ ನೆರಳು ಹಿಡಿದಿರುವ ಗಂಡಸರೇ, ಡ್ಯಾನ್ಸು ಯಾವಾಗ ಶುರುವಾಗುತ್ತದೋ ಎಂದು ನನ್ನನ್ನೇ ದುರುಗುಟ್ಟಿ ನೋಡುತ್ತಿರುವ ಮಕ್ಕಳೇ, ಸಭಿಕರೇ.

ಈಗ ತಾನೇ ನನಗೆ ಶಾಲು ಹೊದಿಸಿದಿರಿ, ಪೇಟ ಇಟ್ಟಿರಿ. ನಿರೂಪಣೆ ಮಾಡುತ್ತಿರುವ ಮೇಷ್ಟ್ರು ನನ್ನನ್ನು ‘ಶಾಲೆಯ ಅಂಗಳಕ್ಕೆ ನ್ಯಾಯ ತಂದ ಹಿರಿಯರು, ನಮ್ಮ ಶಾಲಾಭಿವೃದ್ಧಿ ಸಮಿತಿ ಎಸ್.ಡಿ.ಎಂ.ಸಿ. ಅಧ್ಯಕ್ಷರಾದ ರಂಗಸ್ವಾಮಿಗೌಡರು’ ಎಂದು ಕರೆದರು. ಎರಡೇ ನಿಮಿಷ ಮಾತಾಡಿ ಎಂದೂ ಕಿವಿಯಲ್ಲಿ ಹೇಳಿದರು. ಎರಡು ನಿಮಿಷಕ್ಕೆ ಮಾತು ಮುಗಿಸಿದ ರಂಗಸ್ವಾಮಿಯನ್ನು ಈ ಊರಿನಲ್ಲಿ ಯಾರಾದರೂ ಕಂಡಿದ್ದೀರಾ? ಕಂಡಿಲ್ಲ. ಇವತ್ತೂ ಕಾಣುವುದಿಲ್ಲ.

ಹೊಡೆತ ಬಡಿತ ಇಲ್ಲದ ಶಾಲೆ ಎಂದು ತಾಲ್ಲೂಕಿನಲ್ಲಿ ನಮಗೆ ಬಹುಮಾನ ಬಂದಿದೆ. ಅದಕ್ಕೆ ಕಾರಣ ಯಶೋಧರಾ ಮೇಡಂ ಶುರು ಮಾಡಿದ ದುಂಡುಕೂಟ. ಹೊರಗಿನಿಂದ ಬಂದವರಿಗೆ ಅದೇನೆಂದು ಹೇಳಿಬಿಡುತ್ತೇನೆ. ಮಕ್ಕಳಲ್ಲಿ ಜಗಳವಾದರೆ, ಯಾರಾದರೂ ತಪ್ಪು ಮಾಡಿದರೆ, ಕ್ಲಾಸಿನವರೆಲ್ಲ ದುಂಡಗೆ ನೆಲದ ಮೇಲೆ ಕೂರಬೇಕು. ಟೀಚರೂ ನೆಲದ ಮೇಲೆಯೇ. ಬೋರ್ಡ್ ಒರೆಸುವ ಡಸ್ಟರ್ ಕೈಯಿಂದ ಕೈಗೆ ಹೋಗುತ್ತದೆ. ಅದು ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತಾಡಬೇಕು, ಉಳಿದವರು ಬಾಯಿ ಮುಚ್ಚಿ ಕೇಳಬೇಕು. ಏನಾಯಿತು, ಯಾಕಾಯಿತು, ಯಾರಿಗೆ ನೋವಾಯಿತು, ಸರಿ ಮಾಡಲು ಏನು ಮಾಡೋಣ, ಇಷ್ಟೇ ಪ್ರಶ್ನೆ. ತೀರ್ಪು ಹೇಳುವವರು ಯಾರೂ ಇಲ್ಲ.

ನನಗೆ ಇದು ಮೊದಲು ತಲೆಗೆ ಹತ್ತಲಿಲ್ಲ. “ತೀರ್ಪೇ ಇಲ್ದೆ ಅದ್ಯಾವ ಸೀಮೆ ನ್ಯಾಯ ಮೇಡಂ?” ಎಂದೆ. ಮೇಡಂ ಪಾಂಡವಪುರದವರು, ದನಿ ಎತ್ತುವುದಿಲ್ಲ. “ಇದು ನ್ಯಾಯ ಅಲ್ಲ ಗೌಡ್ರೆ, ಮಾತು ಅಷ್ಟೆ” ಎಂದರು. ನನಗೆ ನಗು ಬಂತು. ಆದರೆ ಕಬಡ್ಡಿಯಲ್ಲಿ ಒಬ್ಬ ಹುಡುಗ ಇನ್ನೊಬ್ಬನ ಮೂಗಿನಿಂದ ರಕ್ತ ಬರಿಸಿದ್ದನಲ್ಲ, ಅವರಿಬ್ಬರನ್ನು ಹೀಗೆ ಕೂರಿಸಿದ ಮೇಲೆ, ಹೊಡೆದವನೇ ಹೊಡೆಸಿಕೊಂಡವನ ಬ್ಯಾಗು ಹೊತ್ತು ಶಾಲೆಗೆ ಬರುವುದನ್ನು ನಾನೇ ಕಣ್ಣಾರೆ ಕಂಡೆ. ಅಣ್ಣತಮ್ಮಂದಿರ ಬದುವಿನ ಜಗಳದಲ್ಲಿ ನಾನು ತೀರ್ಪು ಹೇಳಿದ ಮೇಲೆ ಒಬ್ಬನಾದರೂ ಇನ್ನೊಬ್ಬನ ಹುಲ್ಲಿನ ಹೊರೆ ಹೊತ್ತಿದ್ದಾನೆಯೇ? ಇಲ್ಲ ಸ್ವಾಮಿ, ಇಲ್ಲ.

ಅಂದಿನಿಂದ ನಾನೂ ದುಂಡುಕೂಟಕ್ಕೆ ಹೋಗತೊಡಗಿದೆ. ಮಂಡಿ ನೋವು ಎಂದು ಕುರ್ಚಿ ಹಾಕಿಸಿಕೊಂಡೆ. ಮಂಡಿ ನೋವಿದ್ದದ್ದು ನಿಜ. ಆದರೆ ಬೀಗರೂಟದಲ್ಲಿ ಪಂಕ್ತಿಗೆ ನೆಲದ ಮೇಲೆಯೇ ಕೂರುತ್ತೇನೆ, ಅಲ್ಲಿ ಮಂಡಿ ಏನೂ ತಕರಾರು ಮಾಡುವುದಿಲ್ಲ. ಮಕ್ಕಳೆಲ್ಲ ನೆಲದ ಮೇಲೆ, ಅಧ್ಯಕ್ಷ ಕುರ್ಚಿಯ ಮೇಲೆ. ಮೇಡಂ ಒಂದು ಸಲ ಆ ಕುರ್ಚಿಯನ್ನು ನೋಡಿದರು.

ನನ್ನ ನ್ಯಾಯದ ವಿಚಾರ ನಿಮಗೆ ಹೊಸದಲ್ಲ. ಸಂತೆಬಾಚಹಳ್ಳಿ ಕಡೆ, ಬೂಕನಕೆರೆ ಕಡೆ, ಅತ್ತ ನಾಗಮಂಗಲದ ಹಳ್ಳಿಗಳಿಂದಲೂ ಜನ ನನ್ನನ್ನು ಕರೆದುಕೊಂಡು ಹೋಗಿದ್ದಾರೆ. ನಮ್ಮ ನ್ಯಾಯ ಹೇಗೆ ಮುಗಿಯುತ್ತದೆ? ತಪ್ಪು ಮಾಡಿದವನು ಎದ್ದು ಬಂದು ಸಭೆಗೆ ಅಡ್ಡ ಬೀಳುತ್ತಾನೆ. ಎಲ್ಲರೂ ‘ಆಯ್ತು ಬುಡು’ ಎನ್ನುತ್ತಾರೆ. ವೀಳ್ಯದೆಲೆ ಹಂಚುತ್ತಾರೆ. ಅಡ್ಡ ಬಿದ್ದ ಮೇಲೆ ಆ ಮಾತನ್ನು ಯಾರೂ ಎತ್ತುವ ಹಾಗಿಲ್ಲ. ಬಿದ್ದವನೂ ಎತ್ತುವ ಹಾಗಿಲ್ಲ. ಎತ್ತಿದರೆ ಅವನೇ ತಪ್ಪಿತಸ್ಥ. ಇದನ್ನು ನಾನು ಬಹಳ ದೊಡ್ಡ ಪದ್ಧತಿ ಎಂದುಕೊಂಡಿದ್ದೆ. ಊರಿಗೆ ನೆಮ್ಮದಿ ಎಂದುಕೊಂಡಿದ್ದೆ. ಯಾರಿಗೆ ನೆಮ್ಮದಿ ಎಂದು ಕೇಳಿದವರಿಲ್ಲ.

ಮೇಷ್ಟ್ರು ಗಡಿಯಾರ ನೋಡುತ್ತಿದ್ದಾರೆ. ನೋಡಿ ಮೇಷ್ಟ್ರೆ, ನೋಡಿ.

ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಪಾರ್ವತಮ್ಮನವರ ಮಗಳು ಪ್ರಿಯಾಂಕ, ಎಂಟನೇ ಕ್ಲಾಸು. ಒಂದು ಸಂಜೆ ಆ ಹುಡುಗಿ ತನ್ನ ಕ್ಲಾಸಿನ ಹೆಣ್ಣುಮಕ್ಕಳ ಸೈಕಲ್ಲುಗಳ ಗಾಳಿ ಬಿಟ್ಟು, ವಾಲ್ವುಗಳನ್ನೆಲ್ಲ ಬಿಚ್ಚಿ ಕೆರೆಗೆ ಎಸೆದಳು. ಮಕ್ಕಳೆಲ್ಲ ಸೈಕಲ್ಲು ತಳ್ಳಿಕೊಂಡು ಮನೆಗೆ ಬಂದರು. ಅದರಲ್ಲಿ ನನ್ನ ಮೊಮ್ಮಗಳು ಅರ್ಪಿತಳೂ ಇದ್ದಳು, ಮನೆಯಲ್ಲಿ ನಾವು ಚಿನ್ನು ಎನ್ನುತ್ತೇವೆ. ಅವಳ ಕಾಲಿನ ಬೊಬ್ಬೆ ನೋಡಿ ನನಗೆ ಎಲ್ಲಿತ್ತೋ ಸಿಟ್ಟು.

ಮಾರನೇ ದಿನ ಮೇಡಂ ಮೀಟಿಂಗಿಗೆಂದು ಪೇಟೆಗೆ ಹೋಗಿದ್ದರು. ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದರು, “ನಾನು ಬರೋವರೆಗೂ ಕೂಟ ಬೇಡ ಗೌಡ್ರೆ.” ಆಗಲಿ ಎಂದೆ. ಫೋನು ಇಟ್ಟೆ. ಕ್ಲಾಸಿಗೆ ಹೋಗಿ ಮಕ್ಕಳನ್ನು ದುಂಡಗೆ ಕೂರಿಸಿದೆ. ಅಷ್ಟು ನ್ಯಾಯ ಮಾಡಿದವನಿಗೆ ಇದೊಂದು ದೊಡ್ಡದೇ?

ಡಸ್ಟರ್ ಪ್ರಿಯಾಂಕಳ ಕೈಗೆ ಬಂತು. “ನಾನೇ ಗಾಳಿ ಬುಟ್ಟಿದ್ದು ತಾತ” ಎಂದಳು. ಸುಳ್ಳು ಹೇಳಲಿಲ್ಲ, ಅಳಲಿಲ್ಲ. ಯಾಕೆ ಎಂದು ಕೇಳಿದೆ. ಡಸ್ಟರನ್ನು ಅತ್ತ ಇತ್ತ ತಿರುಗಿಸಿದಳು. ಕೈಯೆಲ್ಲ ಸೀಮೆಸುಣ್ಣದ ಧೂಳಾಯಿತು. ಆಮೇಲೆ ಬಾಯಿ ತೆರೆದಳು. “ಅವ್ರೆಲ್ಲ ನಮ್ಮವ್ವುನ್ನ...” ಅಂದಳು. ಅಷ್ಟಕ್ಕೇ ನಿಂತಳು.

ಮೇಡಂ ಇದ್ದಿದ್ದರೆ ಕಾಯುತ್ತಿದ್ದರು. ಪಾಠದ ಬೆಲ್ಲು ಹೊಡೆದರೂ ಕಾಯುತ್ತಿದ್ದರು, ನಾನು ನೋಡಿದ್ದೇನೆ. ನನಗೆ ಕಾಯುವ ಅಭ್ಯಾಸವಿಲ್ಲ. ಸುಮ್ಮನಿದ್ದವರನ್ನು ಕಂಡರೆ ನನಗೆ ತೀರ್ಪು ಬಾಯಿಗೆ ಬರುತ್ತದೆ. “ನಿಮ್ಮವ್ವುನ್ನ ಯಾಕೆ ಇದ್ರೊಳೀಕೆ ಎಳೀತೀಯವ್ವ? ತಪ್ಪು ಒಪ್ಕಂಡೆ ತಾನೆ? ಅಡ್ಡ ಬಿದ್ದು ಮುಗಿಸ್ಬುಡು” ಎಂದೆ.

ಆ ಮಗು ಎದ್ದು ನಿಂತು ನನ್ನನ್ನು ಕೇಳಿತು, “ಯಾರ್ಗೆ ತಾತ?”

ಸಭಿಕರೇ, ಕಟ್ಟೆಯ ಮೇಲಿನ ನ್ಯಾಯದಲ್ಲಿ ಈ ಪ್ರಶ್ನೆ ಬರುವುದಿಲ್ಲ. ಅಲ್ಲಿ ಹಿರಿಯರು ಒಂದು ಕಡೆ ಕೂತಿರುತ್ತಾರೆ, ಅವರ ಕಡೆ ತಿರುಗಿ ಬಿದ್ದರಾಯಿತು. ದುಂಡಗೆ ಕೂತವರಿಗೆ ಯಾವ ಕಡೆಯಿಂದ ಅಡ್ಡ ಬೀಳುವುದು? ಒಬ್ಬರಿಗೆ ಬಿದ್ದರೆ ಇನ್ನೊಬ್ಬರಿಗೆ ಬೆನ್ನು. ನಾನಾದರೂ ಆಗ ಸುಮ್ಮನಾಗಬಾರದಿತ್ತೇ? ಇರಲಿ ಕೂತ್ಕೊಳ್ಳವ್ವ ಅನ್ನಬಾರದಿತ್ತೇ? ಅನ್ನಲಿಲ್ಲ. “ಎಲ್ರುಗೂವೆ” ಎಂದೆ.

ಅವಳು ಎಲ್ಲರಿಗೂ ಅಡ್ಡ ಬಿದ್ದಳು. ಒಬ್ಬರ ಮುಂದೆ ಬಿದ್ದು, ಎದ್ದು, ಲಂಗ ಸರಿಮಾಡಿಕೊಂಡು, ಪಕ್ಕದವರ ಮುಂದೆ ಮತ್ತೆ ಬಿದ್ದಳು. ಮೊದಮೊದಲು ಒಂದಿಬ್ಬರು ಕಿಸಕ್ಕೆಂದರು. ಆಮೇಲೆ ಯಾರೂ ನಗಲಿಲ್ಲ. ನನ್ನ ಚಿನ್ನುವಿನ ಮುಂದೆಯೂ ಬಿದ್ದಳು, ಚಿನ್ನು ಕಾಲು ಹಿಂದಕ್ಕೆ ಎಳೆದುಕೊಂಡಳು. ಕೊನೆಗೆ ಕುರ್ಚಿಯ ಹತ್ತಿರ ಬಂದಳು. ನಾನು ತಲೆ ಮುಟ್ಟಿ ಆಶೀರ್ವಾದ ಮಾಡಿದೆ. ಚಪ್ಪಾಳೆ ಹೊಡೆಸಿದೆ. “ಆಯ್ತು ಬುಡವ್ವ, ಇನ್ನು ಈ ಮಾತು ಯಾರೂ ಎತ್ಬಾರ್ದು” ಎಂದು ಎದ್ದು ಬಂದೆ.

ಆ ರಾತ್ರಿ ಊಟಕ್ಕೆ ಕೂತಾಗ ನನ್ನ ಹೆಂಡತಿ ಸೋಮಮ್ಮನಿಗೆ ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೆ. ಚಿನ್ನು ಮುದ್ದೆ ಮುರಿಯದೆ ಕೂತಿದ್ದಳು. “ತಾತ, ಅವ್ಳು ಯೋಳಕ್ ಬಂದಿದ್ದು ನಿಂಗೆ ಗೊತ್ತಾಗ್ನಿಲ್ವ?” ಎಂದಳು. ಏನವ್ವ ಅದು ಎಂದೆ. “ನಾವು ದಿನಾಲೂ ಸೌಟು ಬಂತು ಸೌಟು ಬಂತು, ದೂರ ಓಗ್ರೇ ಅಂತ ಅವ್ಳುನ್ನ ಬುಟ್ಟು ಸೈಕಲ್ ತುಳ್ಕಂಡು ಬಂದ್ಬುಡ್ತಿದ್ವಿ. ಅವ್ರವ್ವುಂಗೂ ಅಂಗೇ ಅಂತಿದ್ವಿ, ಬಡಿಸ್ವಾಗ.”

ಯಾರೇ ನಿನಗೆ ಆ ಮಾತು ಕಲಿಸಿದೋರು ಎಂದು ಗದರಿದೆ. ಚಿನ್ನು ನನ್ನ ಮುಖ ನೋಡಿದಳು. ಅವಳ ಅಜ್ಜಿಯ ಮುಖ ನೋಡಿದಳು. ಸೋಮಮ್ಮ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಕಲಿಸಿದವರು ಯಾರು? ಇಲ್ಲಿ ಡೈರಿಗೆ ಹಾಲು ಹಾಕುವವರು ಬಹಳ ಜನ ಕೂತಿದ್ದೀರಿ, ನಿಮಗೆ ಗೊತ್ತು. ಪಾರ್ವತಮ್ಮ ಅಡಿಗೆಗೆ ಸೇರಿದ ಹೊಸತರಲ್ಲಿ, ಅವರು ಯಾವ ಬೀದಿಯವರು ಎಂಬ ಕಾರಣಕ್ಕೆ ಕೆಲವರು ಮಕ್ಕಳಿಗೆ ಮನೆಯಿಂದಲೇ ಡಬ್ಬಿ ಕಟ್ಟಿಕೊಟ್ಟಿರಿ. ಆಗ ಮಕ್ಕಳ ಪಂಕ್ತಿಯಲ್ಲಿ ಕೂತು ಅವರ ಕೈಯ ಊಟ ಉಂಡವನು ನಾನು. ಡಬ್ಬಿಗಳನ್ನು ನಿಲ್ಲಿಸಿದವನು ನಾನು. ಇವತ್ತು ಈ ವೇದಿಕೆಯ ಮೇಲೆ ಅದನ್ನು ಹೇಳಿಕೊಳ್ಳಬೇಕೆಂದೇ ಮನೆಯಿಂದ ಹೊರಟಿದ್ದೆ. ಅದೂ ನಿಜವೇ. ಆದರೆ ಅವತ್ತು ಸಂಜೆ ಡೈರಿ ಮುಂದೆ ಯಾರೋ, ಹೆಂಗಿತ್ತು ಗೌಡ್ರೆ ಊಟ ಎಂದು ಕೆಣಕಿದಾಗ ನಾನೇನೆಂದೆ? “ಸೌಟು ಪಾರ್ವತೀದಾದ್ರೂ ಅಕ್ಕಿ ಸರ್ಕಾರದ್ದು ಕಣ್ರಲಾ, ಉಣ್ಣಿ” ಎಂದೆ. ನೀವೆಲ್ಲ ನಕ್ಕಿರಿ. ನಾನೂ ನಕ್ಕೆ. ಅಂದಿನಿಂದ ಅವರಿಗೆ ಸೌಟು ಎಂದೇ ಹೆಸರಾಯಿತು. ನಮ್ಮ ಮನೆಯಲ್ಲೂ ಅದೇ ಹೆಸರು. ಹಾಲಿನ ಕ್ಯಾನು ಹಿಡಿದು ನನ್ನ ಪಕ್ಕದಲ್ಲಿ ನಿಂತಿದ್ದ ಚಿನ್ನು ಆಗ ಇನ್ನೂ ಚಿಕ್ಕವಳು.

ನಾಚಿಕೆಯಾಗುತ್ತದೆ. ಹೇಳಲು ನಾಚಿಕೆ. ಇನ್ನೊಂದು ಹೇಳಬೇಕಾದದ್ದಕ್ಕೆ ಇನ್ನೂ ಹೆಚ್ಚು ನಾಚಿಕೆ.

ಪ್ರಿಯಾಂಕ ಮಾರನೆಯ ದಿನದಿಂದ ಶಾಲೆಗೆ ಬರಲಿಲ್ಲ. ಅಕ್ಕಿಹೆಬ್ಬಾಳಿನ ದೊಡ್ಡಮ್ಮನ ಮನೆಗೆ ಹೋದಳು ಎಂದರು. ಮೇಡಂ ಬಂದವರೇ “ಏನಾಯ್ತು ಗೌಡ್ರೆ?” ಎಂದು ನನ್ನನ್ನು ಕೇಳಿದರು. ಅವರ ಕೂಟದ ಮೊದಲ ಪ್ರಶ್ನೆ ಅದೇ ಅಲ್ಲವೇ? ಎಲ್ಲಾ ಸರಿಹೋಯ್ತು ಮೇಡಂ ಎಂದೆ. ಬಹುಮಾನಕ್ಕೆ ಶಾಲೆಗಳನ್ನು ನೋಡಲು ತಾಲ್ಲೂಕಿನವರು ಬಂದರು. ಉದಾಹರಣೆಗೆ ಒಂದು ಪ್ರಸಂಗ ಹೇಳಿ ಎಂದರು. ನಾನು ಹೇಳಿದೆ. ಒಂದು ಹೆಣ್ಣುಮಗು ತಪ್ಪು ಒಪ್ಪಿಕೊಂಡು, ತಾನಾಗಿಯೇ ಎದ್ದು, ಗೆಳತಿಯರೆಲ್ಲರ ಕಾಲಿಗೆ ಬಿದ್ದ ಕಥೆ ಹೇಳಿದೆ. ತಾನಾಗಿಯೇ! ಅವರಲ್ಲೊಬ್ಬರು ಕಣ್ಣೊರೆಸಿಕೊಂಡರು. ಆಗ ನನಗೆ ಎಲ್ಲವೂ ಗೊತ್ತಿತ್ತು. ಚಿನ್ನು ಹೇಳಿ ಆಗಿತ್ತು. ಗೊತ್ತಿದ್ದೂ ಹೇಳಿದೆ. ಸ್ವಾಮಿ ಶಿಕ್ಷಣಾಧಿಕಾರಿಗಳೇ, ನೀವು ಕೊಟ್ಟ ಬಹುಮಾನ ಆ ಸುಳ್ಳಿಗೆ. ಮೇಡಂ ಅವರದು ಇದರಲ್ಲಿ ಏನೂ ಇಲ್ಲ, ದಯವಿಟ್ಟು ತಿಳಿಯಿರಿ.

ಪಾರ್ವತಮ್ಮನವರು ಎಂದಿನಂತೆ ಬಂದು ಅಡಿಗೆ ಮಾಡಿದರು. ನಾನು ಶಾಲೆಗೆ ಹೋದ ದಿನ ನನಗೂ ಬಡಿಸಿದರು. ಒಂದು ಮಾತೂ ಆಡಲಿಲ್ಲ. ಹೇಗೆ ಆಡುತ್ತಾರೆ? ಮಗಳು ಅಡ್ಡ ಬಿದ್ದಾಗಿತ್ತು. ಮಾತು ಎತ್ತಬಾರದೆಂದು ನಾನೇ ಹೇಳಿದ್ದೆ. ಮಗಳ ಟಿ.ಸಿ. ಕೊಡಿ ಎಂದು ಮೇಡಂ ಅವರನ್ನು ಕೇಳಿದ್ದಷ್ಟೇ.

ವಾರ್ಷಿಕೋತ್ಸವದ ಹೊತ್ತಿಗೆ ಆ ಮಗುವನ್ನು ವಾಪಸ್ಸು ಕರೆತಂದು, ಈ ವೇದಿಕೆಯ ಮೇಲೆ ಪಕ್ಕದಲ್ಲಿ ನಿಲ್ಲಿಸಿಕೊಳ್ಳಬೇಕು ಎಂದು ಮೊನ್ನೆ ಅಕ್ಕಿಹೆಬ್ಬಾಳಿಗೆ ಹೋದೆ. ನೋಡಿ, ಆಗಲೂ ನನಗೆ ವೇದಿಕೆಯೇ ಬೇಕಾಗಿತ್ತು. ದೊಡ್ಡಮ್ಮ ಕುರ್ಚಿ ತಂದು ಹಾಕಿದರು. ನಾನು ಕೆಳಗೆ ಕೂತೆ. ಪ್ರಿಯಾಂಕ ಬಾಗಿಲಿನ ಹಿಂದೆ ನಿಂತಿದ್ದಳು, ಕಾಲಿನ ಬೆರಳುಗಳು ಮಾತ್ರ ಕಾಣುತ್ತಿದ್ದವು. ಅವಳಿಗೆ ಅಡ್ಡ ಬಿದ್ದುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಬಿದ್ದರೆ ಏನಾಗುತ್ತಿತ್ತು? ನನ್ನ ವಯಸ್ಸಿನವನು ಕಾಲಿಗೆ ಬಿದ್ದರೆ ಆ ಮಗು ‘ಆಯ್ತು ಬುಡಿ ತಾತ’ ಅನ್ನಲೇಬೇಕು. ಅದಕ್ಕೆ ಬೇರೆ ದಾರಿಯೇ ಇರುವುದಿಲ್ಲ. ಮತ್ತೆ ಅದರ ಬಾಯಿ ಕಟ್ಟಿದ ಹಾಗೆ. ಬೀಳಲಿಲ್ಲ.

“ಅವತ್ತು ಏನೋ ಯೋಳಕ್ ಒಂಟಿದ್ದಲ್ಲವ್ವ, ಈಗ ಯೋಳು. ನಾನು ಬಾಯಿ ಆಕಕ್ಕಿಲ್ಲ” ಎಂದೆ. ಆಮೇಲೆ ಸುಮ್ಮನೆ ಕೂತೆ. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ಸುಮ್ಮನೆ ಕೂತಿರಲಿಲ್ಲ. ಒಂದು ರೈಲು ಬಂದು ನಿಂತು ಹೋಯಿತು. ದೊಡ್ಡಮ್ಮನ ಕಾಫಿ ತಣ್ಣಗಾಯಿತು.

“ಮರ್ತೋಯ್ತು ತಾತ” ಎಂದಳು, ಬಾಗಿಲ ಹಿಂದಿನಿಂದಲೇ.

ಮರೆತಿಲ್ಲ. ಅವಳಿಗೂ ಗೊತ್ತು, ನನಗೂ ಗೊತ್ತು. ಹಿರಿಯವನು ಬಾಗಿಲಿಗೆ ಬಂದು ಕೂತಿದ್ದಾನೆ, ಹೋಗಲಿ ಪಾಪ ಎಂದು ನನ್ನನ್ನು ಬಿಟ್ಟುಬಿಟ್ಟಳು. ಊರಿಗೆ ಬರ್ತೀಯೇನವ್ವ ಎಂದು ಕೇಳಿದೆ. “ಇಲ್ಲೇ ಚೆಂದಾಗದೆ ತಾತ” ಎಂದಳು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಮುಖಕ್ಕೆ ಟವೆಲ್ಲು ಹಾಕಿಕೊಂಡು ಕೂತಿದ್ದೆ.

ಇವತ್ತು ಬೆಳಿಗ್ಗೆ ಮೇಡಂ ಟಿ.ಸಿ.ಗೆ ರುಜು ಹಾಕಿ ಕೊಟ್ಟರು. ಪಾರ್ವತಮ್ಮನವರು ಅದನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ನಮ್ಮ ಈ ಸಮಾರಂಭದ ಕೇಸರಿಬಾತಿಗೆ ಒಲೆ ಹಚ್ಚಲು ಹೋದರು.

ಅಡ್ಡ ಬಿದ್ದ ಮೇಲೆ ಮಾತು ಎತ್ತಬಾರದು ಎಂಬ ಪದ್ಧತಿಯನ್ನು ನಾನೇ ಇವತ್ತು ಮುರಿದಿದ್ದೇನೆ. ಮಗು ಹೇಳದೆ ಬಿಟ್ಟ ಮಾತನ್ನು ನನಗೆ ತಿಳಿದ ಹಾಗೆ ನಿಮ್ಮ ಮುಂದೆ ಇಟ್ಟಿದ್ದೇನೆ. ಅವಳೇ ಹೇಳಿದ್ದರೆ ಹೇಗೆ ಹೇಳುತ್ತಿದ್ದಳೋ ಅದು ನನಗೆ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ.

ಕೇಳಿದ ನಿಮಗೆಲ್ಲ ಉಪಕಾರ. ಮೈಕಿನ ಹುಡುಗ ಒಂದು ಸ್ಪೀಕರನ್ನು ಅಡಿಗೆ ಕೋಣೆಯ ಕಡೆಗೂ ಕಟ್ಟಿದ್ದಾನೆ, ಆದ್ದರಿಂದ ಕೊನೆಯ ಮಾತು ಅಲ್ಲಿಗೆ. ಪಾರ್ವತಮ್ಮನವರೇ, ನೀವು ಒಳಗೆ ಇದನ್ನೆಲ್ಲ ಕೇಳಿಸಿಕೊಂಡಿರುತ್ತೀರಿ. ದೊಡ್ಡವರು ಹೇಳಿದರಲ್ಲ ಎಂದು ನೀವು ಹೊರಗೆ ಬರಬೇಡಿ. ‘ಆಯ್ತು ಬುಡಿ ಗೌಡ್ರೆ’ ಅನ್ನಬೇಡಿ. ಇವತ್ತೂ ಅನ್ನಬೇಡಿ, ನಾಳೆಯೂ ಅನ್ನಬೇಡಿ. ನಿಮಗೆ ನಮಸ್ಕಾರ.